ಮಹಾರಾಜ ಪಾರ್ಕಿನ ಮೇಷ್ಟ್ರಿಗೆ

ಮೇಷ್ಟ್ರೇ, "ನನ್ನ ಹೆಸರು ಎಲ್ಲೂ ಹಾಕಬೇಡ ಕಣವ್ವ" ಅಂದಿದ್ರಿ. ಹಾಕಿಲ್ಲ. ಸುಮ್ಮನಿರೋಕೂ ಆಗ್ತಿಲ್ಲ.

ನಾನು ಅರಸೀಕೆರೆ ಕಡೆಯವಳು. ಅಪ್ಪನಿಗೆ ಎರಡು ಎಕರೆ ಖುಷ್ಕಿ, ಮಳೆ ಬಂದ್ರೆ ರಾಗಿ. ಸಿಇಟಿ ಬರೆದರೆ ಸಾಕು ಅಂದ್ಕೊಂಡಿದ್ದೆ. ಬಿಎಸ್ಸಿ ಅಗ್ರಿಗೆ ರೈತರ ಮಕ್ಕಳಿಗೆ ಅಂತ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆ ಇದೆ ಅಂತ ಹೇಳಿದವರು ನೀವು, ಹಾಸನದ ಆ ಪಾರ್ಕಿನ ಕಲ್ಲುಬೆಂಚಿನ ಮೇಲೆ. ಒಂದರಿಂದ ಹತ್ತರವರೆಗೆ ಹಳ್ಳೀಲಿ, ಕನ್ನಡದಲ್ಲಿ ಓದಿದ್ದಕ್ಕೂ ಮೀಸಲಾತಿ ಉಂಟು, ಶಿಕ್ಷಣ ಇಲಾಖೆಯ ಬಿಇಒ ಹತ್ರ ಸಹಿ ಮಾಡಿಸ್ಕೊಂಡು ಬಾ ಅಂತ ಅಟ್ಟಿದ್ದೂ ನೀವೇ.

ಆಮೇಲೆ ಆ ಪರೀಕ್ಷೆಗೆ ಕಾಳು, ಗೊಬ್ಬರ ಗುರುತಿಸೋದು ಕಲಿಸೋಕೆ ಪ್ರತಿ ಭಾನುವಾರ ಹಳೇ ಪೇಪರ್ ಹಾಸಿ ಕಾಳು ಸುರೀತಿದ್ರಿ. ನವಣೆ, ಸಾಮೆ, ಹಾರಕ, ಹುಚ್ಚೆಳ್ಳು, ಅಲಸಂದೆ. ರೈತನ ಮಗಳಾಗಿ ನವಣೆಗೂ ಸಾಮೆಗೂ ವ್ಯತ್ಯಾಸ ಗೊತ್ತಿಲ್ಲದೆ ನಾಚಿಕೆಯಾಗಿತ್ತು. (ನಮ್ಮೂರಲ್ಲಿ ಸಾಮೆ ಬಿತ್ತೋದು ಬಿಟ್ಟು ಎಷ್ಟು ಕಾಲವಾಯ್ತೋ!) "ಕಣ್ಣು ಮುಚ್ಚು, ಬೆರಳಲ್ಲಿ ಉಜ್ಜು. ನುಣ್ಣಗೆ ಜಾರೋದು ಸಾಮೆ" ಅಂದ್ರಿ. ಯೂರಿಯಾ, ಪೊಟ್ಯಾಷ್, ಡಿಎಪಿ ಕೂಡ ಚಿಟಿಕೆ ಚಿಟಿಕೆ ಪೊಟ್ಟಣದಲ್ಲಿ. ನೀವು ಬಸ್ ಚಾರ್ಜು ಕೊಟ್ಟಿದ್ದನ್ನ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಯಾವ ಕಾಲೇಜು ಮೊದಲು ಬೇಕು ಅಂತ ತುಂಬೋ ಆಪ್ಷನ್ ಎಂಟ್ರಿಯಲ್ಲಿ ಸೈಬರ್ ಅಂಗಡಿಯವನು ಕಾಲೇಜು ಹಿಂದುಮುಂದು ಮಾಡಿದ್ದ. ಕೊನೇ ದಿನ ರಾತ್ರಿ ಕನ್ನಡಕ ಏರಿಸ್ಕೊಂಡು ಒಂದೊಂದೇ ಸಾಲು ತಿದ್ದಿಸಿದ್ರಿ.

ಈಗ ಕಾರೆಕೆರೆ ಕೃಷಿ ಕಾಲೇಜಲ್ಲಿದೀನಿ. ನಿಮ್ಮ ಪೊಟ್ಟಣಗಳು ಹಾಸ್ಟೆಲ್ ಟ್ರಂಕಲ್ಲಿವೆ. ಅಲಸಂದೆಗೆ ಹುಳ ಬಿದ್ದಿದೆ, ಬೈಬೇಡಿ.