ಕಾಗದ ಅಮ್ಮನಿಗೆ, ಒಡೆಯುವುದು ಅಪ್ಪ

ಜೆರ್ಸಿ ಸಿಟಿ
ಭಾನುವಾರ ಮಧ್ಯಾಹ್ನ

ಅಮ್ಮಾ,

ನಮಸ್ಕಾರ. ನಾವೆಲ್ಲ ಕ್ಷೇಮ. ಆದಿಗೆ ನೆಗಡಿ ಇತ್ತು, ಹೋಯಿತು. ನಿನ್ನ ಕಾಗದ ಗುರುವಾರ ಕೈಸೇರಿತು. ಸಾಗರದಿಂದ ಇಲ್ಲಿಗೆ ಹದಿನೆಂಟು ದಿನ ಹಿಡಿದಿದೆ ಅಂತ ಅಪ್ಪನಿಗೆ ಹೇಳು, ಮುದ್ರೆ ನೋಡಿ ಲೆಕ್ಕ ಹಾಕಿದೆ. ಈ ಲಕೋಟೆ ಇರುವುದು ನಿನ್ನ ಹೆಸರಿಗೆ. ಆದರೂ ಮೊದಲು ಒಡೆಯುವವರು ಅಪ್ಪನೇ ಅಂತ ನನಗೆ ಗೊತ್ತು. ಒಡೆಯಲಿ. ಮೂವತ್ತಾರು ವರ್ಷ ಪೋಸ್ಟಾಫೀಸಿನಲ್ಲಿದ್ದವರು ಮನೆಗೆ ಬಂದ ಕಾಗದ ಮುಟ್ಟದೆ ಇರುತ್ತಾರಾ? ಸ್ಟ್ಯಾಂಪು ದುಂಡಗಿದೆ, ಮೇಲೆ ಬೆಲೆಯೂ ಇಲ್ಲ. ಹೊರದೇಶಕ್ಕೆ ಹಚ್ಚುವ ಸ್ಟ್ಯಾಂಪು ಇಲ್ಲಿ ಹಾಗೇ. ಇವತ್ತು ಕೊಂಡಿಟ್ಟರೆ ನಾಳೆ ದರ ಏರಿದರೂ ಅದೇ ನಡೆಯುತ್ತದೆ. ಬೆಲೆಯಿಲ್ಲದ ಸ್ಟ್ಯಾಂಪು ಅದೆಂಥ ಸ್ಟ್ಯಾಂಪು ಅಂತ ಅಪ್ಪ ಗೊಣಗುತ್ತಾರೆ, ಗೊಣಗಲಿ. ಏನಾದರೂ ಮಾತಾಡಿದರೆ ಸಾಕಾಗಿದೆ.

ಫೋನ್ ಮಾಡಿದಾಗೆಲ್ಲ ಅಪ್ಪ ಸ್ನಾನಕ್ಕೆ ಹೋಗಿದ್ದಾರೆ, ತೋಟಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಅಂತ ಹೇಳುತ್ತಿದ್ದೆಯಲ್ಲ, ಆಗಲೇ ನನಗೆ ಅನುಮಾನ. ರಘುನ ಕೇಳಿದರೆ ಅವನೂ ಬಾಯಿ ಬಿಡಲಿಲ್ಲ. ಈಗ ನಿನ್ನ ಕಾಗದ ಓದಿದ ಮೇಲೆ ತಿಳಿಯಿತು. ಮೊದಲು 8,200, ನೋಂದಣಿಗೆ. ಆಮೇಲೆ 18,500, ತೆರಿಗೆಗೆ. ಆಮೇಲೆ 35,300, ಅದು ಯಾತಕ್ಕೆ ಅಂತ ನೀನೂ ಬರೆದಿಲ್ಲ. ಒಟ್ಟು 62,000. ಟಿವಿ ಕ್ವಿಜ್ಜಿನ ಹೆಸರು ಹೇಳಿಕೊಂಡು ಯಾವನೋ ಇಪ್ಪತ್ತೈದು ಲಕ್ಷ ಬಹುಮಾನ ಬಂದಿದೆ ಅಂದನಂತೆ, ವಾಟ್ಸಾಪಿನಲ್ಲಿ ಸೀಲು ಸಹಿ ಇರುವ ಪತ್ರ ಕಳಿಸಿದನಂತೆ, ಇವರು ನಂಬಿದರಂತೆ. ಅಲ್ಲಮ್ಮ, ಜೀವಮಾನವಿಡೀ ಸೀಲು ಒತ್ತಿದವರು ಸೀಲನ್ನು ನಂಬದೆ ಇನ್ನೇನನ್ನು ನಂಬಬೇಕು?

ನಿನ್ನ ಕಣ್ಣಿನ ಪೊರೆ ಆಪರೇಷನ್ನಿಗೆ ಇಟ್ಟಿದ್ದ ದುಡ್ಡು ಅದು ಅಂತ ಓದಿದಾಗ ಹೊಟ್ಟೆಯೊಳಗೆ ಕಲಸಿದ ಹಾಗಾಯಿತು. ಅದಕ್ಕಿಂತ ಜಾಸ್ತಿ ಚುಚ್ಚಿದ್ದು ಕೊನೆಯಲ್ಲಿ ನೀನು ಬರೆದ ಸಾಲು. ಅಪ್ಪ ಈಗ ಟಿವಿಯನ್ನೇ ಹಾಕುವುದಿಲ್ಲ, 'ಥಟ್ ಅಂತ ಹೇಳಿ' ಕೂಡ ನೋಡುವುದಿಲ್ಲ ಅಂತ. 2002ರಲ್ಲಿ ಅದು ಚಂದನದಲ್ಲಿ ಶುರುವಾದಾಗಿನಿಂದ ಅಪ್ಪನ ರಾತ್ರಿ ಊಟದ ಹೊತ್ತು ಅದರ ಮೇಲೇ ನಿಂತಿತ್ತು. ಸೋಮೇಶ್ವರ ಅವರು ಪ್ರಶ್ನೆ ಮುಗಿಸುವ ಮೊದಲೇ ಇವರು ಉತ್ತರ ಹೇಳಿ, ನಮ್ಮ ಮುಖ ನೋಡುತ್ತಿದ್ದರು. ಗೆದ್ದವರಿಗೆ ಪುಸ್ತಕ ಕೊಡುವ ಕಾರ್ಯಕ್ರಮ ಅಂದರೆ ಇದೊಂದೇ ಅಂತ ಎಷ್ಟು ಸಲ ಹೇಳಿದ್ದಾರೋ.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಮನೆಯಲ್ಲೇ ಕೂತರೆ ಇವಳ ತಲೆ ಕೆಡುತ್ತದೆ ಅಂತ ನಿನ್ನ ಅಳಿಯನೇ ನಿನ್ನೆ ಹೊರಡಿಸಿದರು. ಮ್ಯಾನ್‌ಹಾಟನ್ನಿನ 52ನೇ ಬೀದಿಯಲ್ಲಿ ಪೇಲಿ ಸೆಂಟರ್ ಅಂತ ಒಂದು ಜಾಗ ಇದೆ. ಅದು ಟಿವಿಗೆ ಅಂತಲೇ ಮಾಡಿದ ಮ್ಯೂಸಿಯಂ. "ಟಿವಿ ನೋಡೋಕೆ ದುಡ್ಡು ಕೊಟ್ಟು ಹೋದ್ಯಾ?" ಅಂತ ನೀನು ಕೇಳುವುದು ಇಲ್ಲಿಗೇ ಕೇಳಿಸುತ್ತಿದೆ. ಹೌದು, ಹೋದೆ. ನಮ್ಮ ಶಟರ್ ಇದ್ದ ಡಯನೋರಾ ಟಿವಿಯಂಥ ಪೆಟ್ಟಿಗೆಗಳನ್ನು ನೋಡುವುದಕ್ಕಲ್ಲ, ಅದರೊಳಗೆ ಬರುತ್ತಿದ್ದ ಕಾರ್ಯಕ್ರಮಗಳನ್ನು ನೋಡುವುದಕ್ಕೆ. ಸಿಬಿಎಸ್ ಕಂಪನಿ ಕಟ್ಟಿದ ವಿಲಿಯಂ ಪೇಲಿ 1975ರಲ್ಲಿ ಇದನ್ನು ಶುರು ಮಾಡಿದ್ದು. ಈಗಿನ ಕಟ್ಟಡಕ್ಕೆ ಬಂದದ್ದು 1991ರಲ್ಲಿ. ರೇಡಿಯೊ, ಜಾಹೀರಾತು ಎಲ್ಲ ಸೇರಿ ಸುಮಾರು 1,60,000 ಕಾರ್ಯಕ್ರಮ ಕೂಡಿಟ್ಟಿದ್ದಾರೆ. ವಿಡಿಯೋ ಗೇಮ್ ಆಡುವುದಕ್ಕೂ ಜಾಗ ಇದೆ, ಆದಿಯನ್ನು ಕರೆದುಕೊಂಡು ಇವರು ಆ ಕಡೆ ಹೋದರು. ನಾನು ಹೆಡ್‌ಫೋನ್ ಹಾಕಿಕೊಂಡು ಒಂದು ಪರದೆಯ ಮುಂದೆ ಕೂತೆ.

ಬೇಕಾದ್ದನ್ನು ಹುಡುಕಿ ಅಲ್ಲೇ ಕೂತು ನೋಡಬೇಕು, ಮನೆಗೆ ಒಯ್ಯುವ ಹಾಗಿಲ್ಲ. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್. ಒಬ್ಬರು ನಗುತ್ತಾರೆ, ಪಕ್ಕದವರು ಕಣ್ಣೊರೆಸಿಕೊಳ್ಳುತ್ತಾರೆ. ಯಾವ ಸದ್ದೂ ಇಲ್ಲ, ಸುಮ್ನೆ ನೋಡಿದರೆ ಆಸ್ಪತ್ರೆಯ ಹಾಗಿದೆ. ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದ. ಇದ್ದಕ್ಕಿದ್ದ ಹಾಗೆ ಗಟ್ಟಿಯಾಗಿ ಏನೋ ಉತ್ತರ ಹೇಳಿ ತೊಡೆ ತಟ್ಟಿಕೊಂಡ. ಎಲ್ಲರೂ ತಿರುಗಿ ನೋಡಿದರು. ನನಗೆ ಅಪ್ಪನೇ ಕೂತ ಹಾಗಾಯಿತು.

ಮೊದಲು 'ವಾಟ್ಸ್ ಮೈ ಲೈನ್' ನೋಡಿದೆ. 1950ರಿಂದ 1967ರವರೆಗೆ, ಬಹುಪಾಲು ಭಾನುವಾರ ರಾತ್ರಿ ಬರುತ್ತಿತ್ತು. ಒಬ್ಬರು ಬಂದು ಕೂರುತ್ತಾರೆ, ಅವರ ಕೆಲಸ ಏನು ಅಂತ ನಾಲ್ಕು ಜನ ಪ್ರಶ್ನೆ ಕೇಳಿ ಕಂಡುಹಿಡಿಯಬೇಕು. ಹೌದು ಇಲ್ಲ ಅಷ್ಟೇ ಉತ್ತರ. ಒಂದು 'ಇಲ್ಲ'ಕ್ಕೆ ಐದು ಡಾಲರ್. ಹತ್ತು 'ಇಲ್ಲ' ಆದರೆ ಐವತ್ತು ಡಾಲರ್, ಆಟ ಮುಗಿಯಿತು. ಐವತ್ತೇ! ಅದಕ್ಕೆ ಗಂಡಸರು ಬೋ ಟೈ ಕಟ್ಟಿ, ಹೆಂಗಸರು ಮದುವೆಗೆ ಹೊರಟ ಹಾಗೆ ಒಡವೆ ಹಾಕಿ ಕೂತಿದ್ದಾರೆ. ಪ್ರಸಿದ್ಧರು ಬಂದರೆ ಆ ನಾಲ್ವರಿಗೂ ಕಣ್ಣಿಗೆ ಪಟ್ಟಿ. 1957ರಲ್ಲಿ ಚಿತ್ರಕಾರ ಸಾಲ್ವಡಾರ್ ಡಾಲಿ ಬಂದಿದ್ದನಂತೆ. ನೀವು ಬರೆಯುತ್ತೀರಾ ಅಂದರೆ ಹೌದು, ಆಟಗಾರರಾ ಅಂದರೆ ಅದಕ್ಕೂ ಹೌದು. ಕೊನೆಗೆ ನಡೆಸುವ ಜಾನ್ ಡೇಲಿಯೇ ನಡುವೆ ಬಾಯಿ ಹಾಕಿ ಸರಿಮಾಡಬೇಕಾಯಿತಂತೆ. ನಮ್ಮ ಶೀನಣ್ಣನನ್ನು ಕೂರಿಸಿದ್ದರೂ ಹೀಗೇ ಆಗುತ್ತಿತ್ತು.

ಚಿತ್ರ ಸ್ವಲ್ಪ ಮಂಜುಮಂಜು. ಆಗ ಟಿವಿ ನೇರ ಪ್ರಸಾರ. ಉಳಿಸಿಕೊಳ್ಳಬೇಕು ಅಂದರೆ ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆಯುತ್ತಿದ್ದರು. ಅದಕ್ಕೆ ಕಿನೆಸ್ಕೋಪ್ ಅನ್ನುತ್ತಾರೆ. ಎಷ್ಟೋ ಕಂತು ಉಳಿದೇ ಇಲ್ಲ. ಟೇಪು ಬಂದ ಮೇಲೂ ಅದೇ ಕಥೆ. ಎರಡು ಇಂಚು ಅಗಲದ ಟೇಪು, ತುಂಬ ದುಬಾರಿ, ಒಂದನ್ನು ಅಳಿಸಿ ಅದರ ಮೇಲೇ ಇನ್ನೊಂದನ್ನು ತುಂಬುತ್ತಿದ್ದರು. ಅಜ್ಜನ ದನಿಯಿದ್ದ ಕ್ಯಾಸೆಟ್ಟಿನ ಮೇಲೆ ರಘು ಸಿನಿಮಾ ಹಾಡು ತುಂಬಿಸಿಕೊಂಡು ಅಪ್ಪನ ಕೈಯಲ್ಲಿ ಏಟು ತಿಂದಿದ್ದನಲ್ಲ, ಹಾಗೆ. 'ಜೆಪರ್ಡಿ' ಅಂತ ಇವತ್ತಿಗೂ ಬರುವ ದೊಡ್ಡ ಕ್ವಿಜ್ ಇದೆ. 1964ರಿಂದ 1975ರವರೆಗೆ ಎನ್‌ಬಿಸಿಯಲ್ಲಿ ಬಂದ ಎರಡೂವರೆ ಸಾವಿರಕ್ಕೂ ಜಾಸ್ತಿ ಕಂತುಗಳಲ್ಲಿ ಈಗ ಇರುವುದು ಸ್ವಲ್ಪವೇ. ಉಳಿದದ್ದೆಲ್ಲ ಅಳಿಸಿ ಹಾಕಿದ್ದಾರೆ.

ಆಮೇಲೆ ನೋಡಿದ್ದೇ 'ಟ್ವೆಂಟಿ ಒನ್' ಅನ್ನುವ ಕ್ವಿಜ್. ಇದನ್ನು ಅಪ್ಪನಿಗೆ ನಿಧಾನವಾಗಿ ಓದಿ ಹೇಳು. ಅಥವಾ ಅಪ್ಪ, ನೀವೇ ಓದುತ್ತಿದ್ದರೆ ಇಲ್ಲಿ ಎದ್ದು ಹೋಗಬೇಡಿ.

ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಂಥ ಎರಡು ಗಾಜಿನ ಗೂಡು. ಒಂದೊಂದರಲ್ಲಿ ಒಬ್ಬೊಬ್ಬರು, ಕಿವಿಗೆ ಹೆಡ್‌ಫೋನ್, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಪ್ರಶ್ನೆಗೆ ಒಂದರಿಂದ ಹನ್ನೊಂದರವರೆಗೆ ಅಂಕ, ಮೊದಲು ಇಪ್ಪತ್ತೊಂದು ಮುಟ್ಟಿದವರು ಗೆದ್ದ ಹಾಗೆ. ನಡುವೆ ನಡುವೆ ಕಬ್ಬಿಣದ ಟಾನಿಕ್ಕಿನ ಜಾಹೀರಾತು. 'ದಣಿದ ರಕ್ತ'ಕ್ಕೆ ಒಳ್ಳೆಯದಂತೆ! 1956ರಲ್ಲಿ ಹರ್ಬರ್ಟ್ ಸ್ಟೆಂಪೆಲ್ ಅನ್ನುವವನು ವಾರವಾರ ಗೆಲ್ಲುತ್ತಿದ್ದ. ದೊಗಳೆ ಸೂಟು, ಒಟ್ಟೊಟ್ಟಾಗಿ ಕತ್ತರಿಸಿದ ಕೂದಲು. ಉತ್ತರ ಯೋಚಿಸುತ್ತಾ ತುಟಿ ಕಚ್ಚುತ್ತಾನೆ, ಕರ್ಚೀಫು ತೆಗೆದು ಹಣೆಗೆ ಮೆಲ್ಲಗೆ ಒತ್ತುತ್ತಾನೆ. ಅಯ್ಯೋ ಪಾಪ ಅನ್ನಿಸುತ್ತದೆ. ಆ ಸೂಟು, ಆ ಕೂದಲು, ಕರ್ಚೀಫಿನಿಂದ ಒರೆಸದೆ ಒತ್ತಬೇಕು ಅನ್ನುವುದು, ಎಲ್ಲ ಕಾರ್ಯಕ್ರಮದವರೇ ಹೇಳಿಕೊಟ್ಟದ್ದು. ಪ್ರಶ್ನೆ ಉತ್ತರವೂ ಮೊದಲೇ ಕೊಟ್ಟದ್ದು. ಆಮೇಲೆ ಅವರಿಗೆ ಅವನು ಸಾಕಾದ. ಕೊಲಂಬಿಯಾ ವಿಶ್ವವಿದ್ಯಾಲಯದ ಮೇಷ್ಟ್ರು, ನೋಡುವುದಕ್ಕೆ ಚೆಂದದ ಹುಡುಗ, ಚಾರ್ಲ್ಸ್ ವ್ಯಾನ್ ಡೋರೆನ್ ಸಿಕ್ಕಿದ. ಡಿಸೆಂಬರ್ 5ರ ರಾತ್ರಿ ಸ್ಟೆಂಪೆಲ್ ಸೋಲಬೇಕು ಅಂತ ಅಪ್ಪಣೆ ಆಯಿತು. 1955ರ ಅತ್ಯುತ್ತಮ ಚಿತ್ರದ ಆಸ್ಕರ್ ಯಾವುದಕ್ಕೆ ಬಂತು ಅನ್ನುವ ಪ್ರಶ್ನೆ. ಉತ್ತರ 'ಮಾರ್ಟಿ', ಅವನಿಗೆ ಬಹಳ ಇಷ್ಟದ ಸಿನಿಮಾ. ಗೊತ್ತಿದ್ದೂ ಬೇರೆ ಹೆಸರು ಹೇಳಿದ. ಆ ಮುಖವನ್ನು ನಾನು ಎರಡು ಸಲ ಹಿಂದಕ್ಕೆ ತಿರುಗಿಸಿ ನೋಡಿದೆ. ಸುಳ್ಳು ಅಂತ ಗೊತ್ತಿದ್ದೂ ಕಂಡುಹಿಡಿಯುವುದಕ್ಕೆ ಆಗಲಿಲ್ಲ.

ವ್ಯಾನ್ ಡೋರೆನ್ 1,29,000 ಡಾಲರ್ ಗೆದ್ದ. ಟೈಮ್ ಪತ್ರಿಕೆಯ ಮುಖಪುಟದಲ್ಲಿ ಬಂದ. ಎನ್‌ಬಿಸಿಯವರು ಕರೆದು ಕೆಲಸ ಕೊಟ್ಟರು. ಪ್ರೊಫೆಸರುಗಳು ನಂಬಿದರು, ಪತ್ರಿಕೆಯವರು ನಂಬಿದರು, ದೇಶಕ್ಕೆ ದೇಶವೇ ನಂಬಿತು. 1959ರ ನವೆಂಬರ್ 2ರಂದು ಅವನೇ ಸಂಸತ್ತಿನ ಸಮಿತಿಯ ಮುಂದೆ ನಿಂತು ಎಲ್ಲ ನಾಟಕ ಅಂತ ಒಪ್ಪಿಕೊಂಡ. ಕ್ವಿಜ್ಜಿನಲ್ಲಿ ಹೀಗೆ ಮೋಸ ಮಾಡುವುದು ಅಪರಾಧ ಅನ್ನುವ ಕಾನೂನು ಬಂದದ್ದೇ ಅದಾದ ಮೇಲೆ, 1960ರಲ್ಲಿ. ಅವರನ್ನು ನಂಬಿದವರೆಲ್ಲ ಪೆದ್ದರಾಮ್ಮ? "ಬುದ್ಧಿಯನ್ನೇ ಪಾರ್ಸಲ್ ಮಾಡಿ ಕಳಿಸಿದ್ದಾರೆ ಪೋಸ್ಟ್‌ಮಾಸ್ಟರು" ಅಂತ ನೀನು ಅಪ್ಪನಿಗೆ ಅಂದೆಯಂತೆ, ನೀನೇ ಬರೆದಿದ್ದೀಯ. ನಿನಗೂ ಸಂಕಟ, ಗೊತ್ತು. ಆದರೂ ಅದನ್ನು ಇನ್ನೊಮ್ಮೆ ಅನ್ನಬೇಡ. ಶಿವಮೊಗ್ಗದ ಭಾವ ನಗಾಡಿದರೆ ನಗಾಡಲಿ, ಅವರು ಚೀಟಿಯಲ್ಲಿ ಕಳಕೊಂಡದ್ದನ್ನು ನಾವ್ಯಾರೂ ಎತ್ತಿಲ್ಲ.

ಇನ್ನೊಂದು ವಿಷಯ. ಇದನ್ನು ನಾನು ನಿಮಗೆ ಯಾವತ್ತೂ ಹೇಳಿರಲಿಲ್ಲ. 2016ರಲ್ಲಿ ಇಲ್ಲಿಗೆ ಬಂದ ಹೊಸದರಲ್ಲಿ ಫೋಟೊ ನೋಡಿ ಒಂದು ಮನೆ ಇಷ್ಟಪಟ್ಟು 900 ಡಾಲರ್ ಅಡ್ವಾನ್ಸ್ ಕಳಿಸಿದೆ. ಬೀಗದ ಕೈ ಇಸಿದುಕೊಳ್ಳೋಣ ಅಂತ ಹೋದರೆ ಆ ನಂಬರಿನ ಮನೆಯೇ ಅಲ್ಲಿಲ್ಲ. ಚಳಿಯಲ್ಲಿ ಆ ಬೀದಿಯಲ್ಲಿ ಮೂರು ಸಲ ಓಡಾಡಿದೆ, ನಾನೇ ನಂಬರು ತಪ್ಪು ಓದಿದೆನೇನೋ ಅಂತ. ಆಗಿನ ಲೆಕ್ಕದಲ್ಲಿ ಅದೂ ಅರವತ್ತು ಸಾವಿರವೇ. ಇವರಿಗೂ ಒಂದು ತಿಂಗಳು ಹೇಳಲಿಲ್ಲ. ಬೈಯುತ್ತಾರೆ ಅಂತಲ್ಲ, ನಾಚಿಕೆ. ಎಂ.ಎಸ್ಸಿ. ಓದಿದವಳು ನಾನು. ಅಪ್ಪ ಫೋನಿಗೆ ಯಾಕೆ ಬರುತ್ತಿಲ್ಲ ಅಂತ ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ.

ಈಗ ಮಾಡಬೇಕಾದ್ದು ಕೇಳು. ರಘು ಕೈಯಲ್ಲಿ ಇವತ್ತೇ 1930ಕ್ಕೆ ಫೋನ್ ಮಾಡಿಸು, ಸೈಬರ್ ಮೋಸಕ್ಕೆ ಇರುವ ನಂಬರು ಅದು. ತಡವಾಗಿದೆ, ಆದರೂ ದೂರು ಇರಲಿ. ಬ್ಯಾಂಕಿಗೂ ತಿಳಿಸಲಿ. ಬೇಕಾದರೆ ಶಿವಮೊಗ್ಗದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಗೆ ಹೋಗಲಿ. ಅಪ್ಪ ನಾಚಿಕೆಗೆ ಆ ಮೆಸೇಜುಗಳನ್ನೆಲ್ಲ ಅಳಿಸಿಬಿಡುವ ಜನ, ಅಳಿಸಬೇಡಿ ಅಂತ ಹೇಳು, ಅದೇ ಸಾಕ್ಷಿ. ಮತ್ತೆ, ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಸ್ವಲ್ಪ ಫೀಸು ಕಟ್ಟಿ ಅಂತ ಯಾರಾದರೂ ಫೋನ್ ಮಾಡಿದರೆ ಅವರೂ ಕಳ್ಳರೇ. ಫೋನ್ ಇಟ್ಟುಬಿಡಿ.

ನಿನ್ನ ಅಕೌಂಟಿಗೆ ಎಪ್ಪತ್ತು ಸಾವಿರ ಹಾಕಿದ್ದೇನೆ. ಅಪ್ಪನಿಗೆ ಗೊತ್ತಾಗುವುದು ಬೇಡ ಅಂತ ಬರೆಯೋಣ ಅಂದರೆ ಓದುತ್ತಿರುವವರೇ ಅವರು. ಆಪರೇಷನ್ ಮುಂದಕ್ಕೆ ಹಾಕಬೇಡ. ಬಲಗಣ್ಣು ಮೊದಲು ಅಂತ ಡಾಕ್ಟರು ಹೇಳಿದ್ದರಲ್ಲ, ಅದನ್ನು ಈ ತಿಂಗಳೇ ಮುಗಿಸು. ನಮಗೆ ಇದರಿಂದ ಏನೂ ತೊಂದರೆ ಇಲ್ಲ. ಇವರ ಆಫೀಸಿನಲ್ಲಿ ಸ್ವಲ್ಪ ಜನರನ್ನು ತೆಗೆದರು ನಿಜ, ಇವರನ್ನಲ್ಲ. ತೆಗೆಯುವುದೂ ಇಲ್ಲ. ಚೆನ್ನಾಗಿದ್ದೇವೆ, ಊಟ ತಿಂಡಿ ಚೆನ್ನಾಗಿದೆ, ಆದಿ ದಪ್ಪ ಆಗಿದ್ದಾನೆ. ನೀನು ಕಳಿಸಿದ ಅಪ್ಪೆಮಿಡಿ ಇನ್ನೂ ಅರ್ಧ ಡಬ್ಬಿ ಇದೆ. ಯಾವುದಕ್ಕೂ ಚಿಂತೆ ಬೇಡ.

ಕುಕ್ಕರ್ ಮೂರನೇ ಸಲ ಕೂಗಿತು, ಆದಿ ಒಂದೇ ಸಮನೆ ಕರೆಯುತ್ತಿದ್ದಾನೆ. ಅತ್ತಿಗೆಗೆ, ಮಕ್ಕಳಿಗೆ ಕೇಳಿದೆ ಅಂತ ಹೇಳು. ಬಾಕಿ ಫೋನಿನಲ್ಲಿ.

ನಿನ್ನ,
ವಿದ್ಯಾ

ಮರೆತಿದ್ದೆ. ಅಪ್ಪನಿಗೆ ಒಂದು ಪ್ರಶ್ನೆ. ಈ ಲಕೋಟೆಯ ತೂಕ ಎಷ್ಟು ಗ್ರಾಂ? ಒಡೆಯುವ ಮೊದಲು ಅಂಗೈ ಮೇಲೆ ಇಟ್ಟುಕೊಂಡು ಒಮ್ಮೆ ತೂಗಿಯೇ ತೂಗಿರುತ್ತಾರೆ. ನಾನು ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ ಬರೆದಿಟ್ಟುಕೊಳ್ಳುತ್ತೇನೆ. ಈ ಕಾಗದ ಕೈಸೇರಿದ ಮೇಲೆ ಬರುವ ಬುಧವಾರ ರಾತ್ರಿ ನಿಮ್ಮ ಊಟದ ಹೊತ್ತಿಗೆ ಫೋನ್ ಮಾಡುತ್ತೇನೆ, ಉತ್ತರ ಅವರೇ ಹೇಳಬೇಕು, ನೀನಲ್ಲ. ಸರಿ ಹೇಳಿದರೆ ಬಹುಮಾನ ಪುಸ್ತಕ.