ಆಸ್ಪತ್ರೆಯಲ್ಲಿ ಹಿರಿಯರು ಇದ್ದಕ್ಕಿದ್ದಂತೆ ಬಡಬಡಿಸಿದರೆ

ಮಾನ್ಯ ಸಂಪಾದಕರೇ,

ಆಸ್ಪತ್ರೆ ಸೇರಿದ ವಯಸ್ಸಾದವರು ರಾತ್ರೋರಾತ್ರಿ ಏನೇನೋ ಬಡಬಡಿಸತೊಡಗಿದರೆ ನಮ್ಮ ಕಡೆ ಎರಡು ಮಾತು ಕೇಳಿಬರುತ್ತದೆ. 'ವಯಸ್ಸಾಯ್ತಲ್ಲ, ಅರಳು ಮರಳು' ಅಂತ ಒಬ್ಬರು. 'ಗಾಳಿ ಸೋಕಿದೆ' ಅಂತ ಇನ್ನೊಬ್ಬರು. ಹಿಂದಿನವರು ಇದನ್ನು ಸನ್ನಿ ಅನ್ನುತ್ತಿದ್ದರು, ಡಾಕ್ಟರುಗಳು ಡೆಲಿರಿಯಂ ಅನ್ನುತ್ತಾರೆ. ಮೈಯಲ್ಲಿ ಬೇರೆಲ್ಲೋ ಏನೋ ಕೆಟ್ಟು, ಅದರ ಏಟು ಮಿದುಳಿಗೆ ತಾಗಿರುತ್ತದೆ. ಎದೆನೋವು ಅಂದರೆ ಎಷ್ಟು ಬೇಗ ಡಾಕ್ಟರನ್ನು ಕರೆಯುತ್ತೇವೋ ಇದಕ್ಕೂ ಅಷ್ಟೇ ಬೇಗ ಕರೆಯಬೇಕು.

ನಾನು ಹಳೆಯ ಕೋಲಾರ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದಾಗಲೂ ಕೆಲಸದಲ್ಲಿದ್ದೆ. ಈಗ ನಿವೃತ್ತಳಾಗಿ ಚಿಂತಾಮಣಿಯಲ್ಲಿದ್ದೇನೆ. ಇತ್ತೀಚೆಗೆ ನಮ್ಮ ಭಾವ, ಅಂದರೆ ಅಕ್ಕನ ಯಜಮಾನರು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡರು. ವಯಸ್ಸು ಎಂಬತ್ತರ ಹತ್ತಿರ. ಜೀವಮಾನವೆಲ್ಲ ರೇಷ್ಮೆ ಹುಳ ಸಾಕಿ ಶಿಡ್ಲಘಟ್ಟದ ಮಾರುಕಟ್ಟೆಗೆ ಗೂಡು ಹಾಕಿದವರು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪುವವರಲ್ಲ. ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಮಾರನೇ ರಾತ್ರಿ ಹೊದ್ದ ಬಟ್ಟೆಯಿಂದ ಒಂದೊಂದೇ ಏನೋ ಆರಿಸಿ ಪಕ್ಕಕ್ಕೆ ಇಡತೊಡಗಿದರು. ಹುಳ ಹಣ್ಣಾಗಿದೆಯಂತೆ, ಗೂಡು ಕಟ್ಟಲು ಚಂದ್ರಿಕೆ ತಟ್ಟೆಗೆ ಬಿಡಬೇಕಂತೆ, ಮನೆಯವರು ಯಾರೂ ಕೈ ಹಚ್ಚುತ್ತಿಲ್ಲವಂತೆ. ಎಲ್ಲವೂ ತೆಲುಗಿನಲ್ಲಿ. ಸಿಸ್ಟರ್ ಬೇರೆ ಕಡೆಯ ಹುಡುಗಿ, ಒಂದಕ್ಷರ ತಿಳಿಯಲಿಲ್ಲ. ಮನೆಯವರನ್ನು ಹತ್ತು ಗಂಟೆಗೇ ಹೊರಗೆ ಕಳಿಸಿಯಾಗಿತ್ತು. ಎರಡೂ ಕೈಯನ್ನು ಬ್ಯಾಂಡೇಜ್ ಬಟ್ಟೆಯಲ್ಲಿ ಮಂಚಕ್ಕೆ ಕಟ್ಟಿ ನಿದ್ದೆ ಇಂಜೆಕ್ಷನ್ ಕೊಟ್ಟರು.

ಮಾರನೇ ದಿನ ಪೂರ್ತಿ ಮಂಪರು. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಿದ್ದರು. ಮನೆಯವರಿಗೋ ಸಮಾಧಾನ, 'ಸದ್ಯ, ಇವತ್ತು ಸುಮ್ನೆ ಮಲಗಿದ್ದಾರೆ' ಅಂತ. ನನಗೆ ಹೆದರಿಕೆ ಆಗಿದ್ದೇ ಆಗ. ಕೂಗಾಡುವ ಸನ್ನಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸುಮ್ಮನೆ ಮಲಗಿಸಿಬಿಡುವ ಸನ್ನಿಯೂ ಒಂದಿದೆ, ವಯಸ್ಸಾದವರಲ್ಲಿ ಅದೇ ಜಾಸ್ತಿ. ಯಾರಿಗೂ ಕಾಟ ಕೊಡುವುದಿಲ್ಲವಲ್ಲ, ಹಾಗಾಗಿ ಯಾರೂ ತಿರುಗಿ ನೋಡುವುದಿಲ್ಲ. ಅಷ್ಟರಲ್ಲಿ ಊಟ ನೀರು ಇಳಿಯದೆ, ಬೆನ್ನಿಗೆ ಹುಣ್ಣಾಗಿ, ಕುಡಿಸಿದ ಗಂಜಿ ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಬರುತ್ತದೆ.

ಕಿಬ್ಬೊಟ್ಟೆ ಮುಟ್ಟಿ ನೋಡಿದೆ. ಬಿಗಿದುಕೊಂಡಿತ್ತು. ಮೂತ್ರಕ್ಕೆ ಹಾಕಿದ್ದ ಕ್ಯಾತಿಟರ್ ನಳಿಕೆ ತೆಗೆದ ಮೇಲೆ ಸರಿಯಾಗಿ ಮೂತ್ರವೇ ಹೋಗಿರಲಿಲ್ಲ. ತುಂಬಿದ ಮೂತ್ರಕೋಶದಿಂದ ತೊಟ್ಟು ತೊಟ್ಟು ಸೋರಿ ಡೈಪರ್ ಒದ್ದೆಯಾಗಿದ್ದನ್ನು ನೋಡಿ ಎಲ್ಲರೂ 'ಹೋಗ್ತಿದೆ' ಅಂದುಕೊಂಡಿದ್ದರು. ಬಿದ್ದ ದಿನದಿಂದ ಕಕ್ಕಸ್ಸಿಗೂ ಹೋಗಿಲ್ಲ. ಕಿವಿಯ ಮೆಷಿನ್ ಮಗಳ ಬ್ಯಾಗಿನಲ್ಲಿ, ಕನ್ನಡಕ ಊರಲ್ಲಿ. ಡ್ಯೂಟಿ ಡಾಕ್ಟರ್ ಚಿಕ್ಕ ವಯಸ್ಸಿನವರು, ಆದರೂ ಹೇಳಿದ್ದನ್ನು ಕೂತು ಕೇಳಿಸಿಕೊಂಡರು. ಮೂತ್ರ ತೆಗೆಸಿ, ರಕ್ತ ಪರೀಕ್ಷೆಗೆ ಕಳಿಸಿದರು. ರಕ್ತದಲ್ಲಿ ಸೋಡಿಯಂ ಅನ್ನುವ ಉಪ್ಪಿನಂಶ ಇಳಿದಿತ್ತು, ನಿಧಾನವಾಗಿ ಸರಿ ಮಾಡಿದರು. ನಿದ್ದೆ ಇಂಜೆಕ್ಷನ್ ನಿಲ್ಲಿಸಿ ಕೈ ಬಿಚ್ಚಿಸಿದರು. ನಾಲ್ಕೈದು ದಿನಕ್ಕೆ ಭಾವ ಗೂಡಿನ ರೇಟು ಕೇಳುವ ಮಟ್ಟಕ್ಕೆ ಬಂದರು.

ಗುರುತು ಹಿಡಿಯುವುದು ಕಷ್ಟವೇನಲ್ಲ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ. ಸನ್ನಿ ಗಂಟೆಗಳಲ್ಲಿ, ಹೆಚ್ಚೆಂದರೆ ಒಂದೆರಡು ದಿನದಲ್ಲಿ ಬರುತ್ತದೆ. ಹೊತ್ತಿಗೊಂದು ಥರ ಇರುತ್ತದೆ. ಬೆಳಗ್ಗೆ ದೊಡ್ಡ ಡಾಕ್ಟರು ರೌಂಡ್ಸ್‌ಗೆ ಬಂದಾಗ ರೋಗಿ ಕೈ ಮುಗಿದು ಚೆನ್ನಾಗೇ ಮಾತಾಡುತ್ತಾರೆ, ದೀಪ ಹಚ್ಚುವ ಹೊತ್ತಿಗೆ ಶುರುವಾಗುತ್ತದೆ. ಒಂದು ಮಾತಿನ ಮೇಲೆ ಗಮನ ನಿಲ್ಲುವುದಿಲ್ಲ. ಇದನ್ನು ಅಳೆಯಲು '4ಎಟಿ' ಅಂತ ಎರಡು ನಿಮಿಷದ ಪರೀಕ್ಷೆಯೊಂದಿದೆ. ಹುಟ್ಟಿದ ತಾರೀಖು, ವಯಸ್ಸು, ಇದು ಯಾವ ಜಾಗ, ಯಾವ ಇಸವಿ ಅಂತ ಕೇಳಿ, ಡಿಸೆಂಬರ್‌ನಿಂದ ಹಿಂದಕ್ಕೆ ತಿಂಗಳು ಹೇಳಿಸುತ್ತಾರೆ. ನಮ್ಮ ಅಜ್ಜಿಯರಿಗೆ ಹುಟ್ಟಿದ ತಾರೀಖು ಕೇಳಿ ಏನು ಬಂತು? ಆಧಾರ್ ಕಾರ್ಡಿನಲ್ಲಿ ಅರ್ಧ ಊರೇ ಜನವರಿ 1ಕ್ಕೆ ಹುಟ್ಟಿದೆ. ಅಂಥವರಿಗೆ ಭಾನುವಾರದಿಂದ ಹಿಂದಕ್ಕೆ ವಾರ ಹೇಳಿಸಿ ನೋಡಬಹುದು. ಕೇಳುವಾಗ ಮನೆಮಾತಿನಲ್ಲೇ ಕೇಳಿ, ತೆಲುಗಾದರೆ ತೆಲುಗು, ಉರ್ದುವಾದರೆ ಉರ್ದು. ಆ ಪರೀಕ್ಷೆಯಲ್ಲೇ ಇನ್ನೊಂದು ಪ್ರಶ್ನೆ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ: ಇವರು ಇದ್ದಕ್ಕಿದ್ದಂತೆ ಹೀಗಾದರಾ? ಇದಕ್ಕೆ ಉತ್ತರ ಗೊತ್ತಿರುವುದು ಮನೆಯವರಿಗೆ. ಅವರು ಸೆಕ್ಯೂರಿಟಿಯವರ ಮಾತು ಕೇಳಿಕೊಂಡು ಗೇಟಿನ ಆಚೆ ಟವೆಲ್ ಹಾಸಿಕೊಂಡು ಮಲಗಿರುತ್ತಾರೆ.

ಕಾರಣಗಳು ಹತ್ತಾರು. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನಂಶ ಕಡಿಮೆಯಾಗುವುದು, ತಡೆಯಲಾರದ ನೋವು, ಮಲ ಕಟ್ಟುವುದು, ನಿದ್ದೆಗೆಡುವುದು. ಔಷಧಿಗಳದ್ದೂ ದೊಡ್ಡ ಪಾಲು. ನಿದ್ದೆ ಮಾತ್ರೆ ಸರಿ, ನೆಗಡಿಗೆ, ತುರಿಕೆಗೆ ಕೊಡುವ ಹಳೆಯ ಮಾತ್ರೆಗಳೂ ವಯಸ್ಸಾದವರ ತಲೆ ಕೆಡಿಸುತ್ತವೆ. ಬೆಳೆಗೆ ಹೊಡೆಯುವ ಔಷಧಿ ಮೈಗೆ ಸೇರಿ ಬಂದವರಿಗೆ ಆ ವಿಷಕ್ಕೆ ಮದ್ದಾಗಿ ಅಟ್ರೊಪಿನ್ ಕೊಡುತ್ತಿದ್ದೆವು. ಅದು ಹೆಚ್ಚಾದರೆ ಹುಡುಗರು ಕೂಡ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದರು. ಉಮ್ಮತ್ತಿ ಕಾಯಲ್ಲಿ ಇರುವುದೂ ಅದೇ ಜಾತಿಯ ವಿಷ.

ಕುಡಿತದ ವಿಷಯ ಬೇರೆಯೇ ಹೇಳಬೇಕು. ದಿನಾ ಕುಡಿಯುವವರು ಆಸ್ಪತ್ರೆ ಸೇರಿ ಕುಡಿತ ನಿಂತಾಗ, ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಗೋಡೆ ಮೇಲೆ ಹುಳ ಹರಿದಂತೆ ಕಾಣಬಹುದು. ಅದಕ್ಕೆ ಬೇರೆ ಚಿಕಿತ್ಸೆ. ಅಲ್ಲಿ ನಿದ್ದೆ ತರಿಸುವ ಜಾತಿಯ ಔಷಧಿಯೇ ಬೇಕು, ಜೊತೆಗೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಕೂಡ. ಮರ್ಯಾದೆಗೆ ಅಂಜಿ ಹೆಂಡತಿ ಮಕ್ಕಳು 'ನಮ್ಮೋರು ಮುಟ್ಟೋದೇ ಇಲ್ಲ' ಅಂತಾರೆ. ದಯವಿಟ್ಟು ಹಾಗೆ ಹೇಳಬೇಡಿ.

ರೋಗಿಯನ್ನು ಅರ್ಧಕ್ಕೇ ಬಿಡಿಸಿಕೊಂಡು ಮುರುಗಮಲ್ಲದ ದರ್ಗಾಕ್ಕೆ ಹೊರಟವರನ್ನೂ ಕಂಡಿದ್ದೇನೆ. ಹರಕೆ ಬೇಡ ಅನ್ನಲ್ಲ. ಅದನ್ನು ಆಮೇಲೂ ತೀರಿಸಬಹುದು, ಮೊದಲು ಮೂತ್ರ, ರಕ್ತ ಪರೀಕ್ಷೆ ಆಗಲಿ.

ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 70 ದಾಟಿದ 852 ರೋಗಿಗಳ ಮೇಲೆ ಮಾಡಿದ ಅಧ್ಯಯನ 1999ರಲ್ಲಿ ಪ್ರಕಟವಾಗಿದೆ. ಮಾಮೂಲಿ ವಾರ್ಡಿನಲ್ಲಿ ನೂರಕ್ಕೆ 15 ಜನರಿಗೆ ಸನ್ನಿ ಬಂದರೆ, ವಿಶೇಷ ಆರೈಕೆ ಸಿಕ್ಕವರಲ್ಲಿ ಅದು 10ಕ್ಕೆ ಇಳಿಯಿತು. ಏನಪ್ಪಾ ಆ ವಿಶೇಷ ಆರೈಕೆ ಅಂದರೆ ಕನ್ನಡಕ, ಕಿವಿಯ ಮೆಷಿನ್ ಹಾಕಿಸುವುದು, ನೀರು ಕುಡಿಸುವುದು, ಎಬ್ಬಿಸಿ ನಡೆಸುವುದು, ದಿನ ತಾರೀಖು ಹೇಳಿ ಮಾತಾಡಿಸುವುದು. ರಾತ್ರಿ ನಿದ್ದೆ ಮಾತ್ರೆ ಬದಲು ಬಿಸಿ ಹಾಲು, ಬೆನ್ನು ನೀವುವುದು. ಇದರಲ್ಲಿ ನಮ್ಮ ಜಿಲ್ಲೆಯ ಯಾವ ಆಸ್ಪತ್ರೆಗೆ ತಾನೇ ದುಡ್ಡು ಸಾಲದು?

ಸಿಸ್ಟರ್‌ಗಳನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳೇ ಇದ್ದು ನನಗೂ ಗೊತ್ತು. ಅವಳಿಗೆ ಬಿಸಿ ಹಾಲು ಕೊಡಲು ಪುರುಸೊತ್ತೆಲ್ಲಿ? ಅದಕ್ಕೇ ಕೇಳುತ್ತಿರುವುದು, 65 ದಾಟಿದ ಪ್ರತಿ ರೋಗಿಯ ಹತ್ತಿರ ರಾತ್ರಿ ಮನೆಯವರೊಬ್ಬರು ಇರಲು ಬಿಡಿ. ಒಂದು ಸ್ಟೂಲು ಕೊಟ್ಟರೆ ಸಾಕು. ಐಸಿಯುನಲ್ಲಿ ಆಗದಿದ್ದರೆ, ಸಂಜೆ ಸ್ವಲ್ಪ ಹೊತ್ತಾದರೂ ಬಿಡಿ. ಕೈ ಕಟ್ಟುವುದರಿಂದ ಗಾಬರಿ ಜಾಸ್ತಿಯಾಗುತ್ತದೆ. ಕಟ್ಟುವ ಮೊದಲು ಮನೆಯವರಿಗೆ ಒಂದು ಫೋನ್ ಮಾಡಿ. ತನಗೋ ಇತರರಿಗೋ ಅಪಾಯ ಮಾಡಿಕೊಳ್ಳುವಂತಿದ್ದರೆ ಡಾಕ್ಟರು ನೋಡಿ ಕಡಿಮೆ ಡೋಸಿನಲ್ಲಿ, ಕೆಲವೇ ದಿನ ಔಷಧಿ ಕೊಡಲಿ.

ಇನ್ನೊಂದು ಮಾತು. ಭಾವನವರ ಡಿಸ್ಚಾರ್ಜ್ ಚೀಟಿಯಲ್ಲಿ ಮುರಿದ ಮೂಳೆ, ಹಾಕಿದ ರಾಡು, ಮಾತ್ರೆಗಳ ಪಟ್ಟಿ ಎಲ್ಲ ಇತ್ತು. ಸನ್ನಿ ಬಂದಿದ್ದರ ಸುದ್ದಿಯೇ ಇರಲಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು, ಮುಂದೆ ಮರೆವಿನ ಕಾಯಿಲೆ ಅಂಟಿಕೊಳ್ಳುವ ಸಂಭವವೂ ಹೆಚ್ಚು. ನಾಳೆ ಕಣ್ಣಿನ ಪೊರೆಗೋ ಮತ್ತೊಂದಕ್ಕೋ ಹೋದರೆ ಅಲ್ಲಿನ ಡಾಕ್ಟರಿಗೆ ಇದು ಗೊತ್ತಾಗಬೇಡವೇ? ಕೌಂಟರಿನಲ್ಲಿ ನಿಂತು, ಹೇಳಿ ಬರೆಸಿಕೊಂಡೆವು. ಓದುಗರೂ ಬಿಲ್ಲು ಕಟ್ಟುವ ಮೊದಲು ಆ ಚೀಟಿ ಒಮ್ಮೆ ಓದಿ, ಬಿಟ್ಟಿದ್ದರೆ ಬರೆಸಿಕೊಳ್ಳಿ.

ಇತಿ,
ನಿವೃತ್ತ ಸ್ಟಾಫ್ ನರ್ಸ್, ಚಿಂತಾಮಣಿ