ಮಂಗಳವಾರ ಶುರುವಾಗುವ ಪ್ರಸಂಗ

ಪ್ರೀತಿಯ ಮಗಳಿಗೆ,

ಹೊಸ ಚರ್ಚಿನ ಸಭೆಯಲ್ಲಿ ಪ್ರತಿ ಭಾನುವಾರ ನೀನೇ ಪ್ರಸಂಗ, ಅಂದರೆ ಬೈಬಲ್ ಬೋಧನೆ, ಮಾಡಬೇಕು, ತಯಾರಿ ಹೇಗೆ ಅಂತ ಕೇಳಿದ್ದೀಯ. ಸಭಾಪಾಲಕರನ್ನು ತಯಾರು ಮಾಡುವ ಮಂಗಳೂರಿನ ಬಲ್ಮಠದ ಕಾಲೇಜಿನವರು ಹೇಳಿಕೊಡದೆ ಬಿಟ್ಟಿರುತ್ತಾರಾ? 1847ರಿಂದ ಅಲ್ಲಿ ನಡೆದು ಬಂದಿರುವ ಕೆಲಸವೇ ಅದು. ಗ್ರೀಕು, ಬೈಬಲಿನ ಭಾಷ್ಯ ಎಲ್ಲಾ ನಿನಗೆ ನನಗಿಂತ ಜಾಸ್ತಿ ಗೊತ್ತು. ನಾನು ಹೇಳೋದು ಸಭೆಯ ಕಡೆಯಿಂದ.

ಶನಿವಾರ ರಾತ್ರಿಗೆ ಇಟ್ಟುಕೊಳ್ಳಬೇಡ. ವಾರದ ವಿಷಯ, ಓದಬೇಕಾದ ಭಾಗ ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆಲ್ಮನಾಕ್‌ನಲ್ಲೇ, ವರ್ಷದ ಪಂಚಾಂಗದಂಥ ಪುಸ್ತಕದಲ್ಲೇ, ಇರುತ್ತದೆ. ಕೆಲವರಿಗೆ ಅದು ಕಟ್ಟುಪಾಡು. ನನಗೆ ಉಪಕಾರ. ಇಲ್ಲದಿದ್ದರೆ ನಮ್ಮಂಥವರು ವರ್ಷವಿಡೀ ನಮಗೆ ಇಷ್ಟವಾದ ನಾಲ್ಕು ಅಧ್ಯಾಯಗಳನ್ನೇ ತಿರುವಿ ಹಾಕುತ್ತೇವೆ. ಸೋಮವಾರ ಆ ಭಾಗವನ್ನು ಗಟ್ಟಿಯಾಗಿ ಓದು. ಸಭೆಯವರು ಅದನ್ನು ಕಿವಿಯಿಂದಲೇ ಕೇಳೋದು ಅಲ್ವಾ? ನಿನ್ನ ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಅವರಿಗೂ ಎಳೆ ತಪ್ಪುತ್ತದೆ. ಭಾಷ್ಯದ ಪುಸ್ತಕ ಗುರುವಾರದವರೆಗೆ ಕಪಾಟಿನಲ್ಲೇ ಇರಲಿ. ಮಂಗಳವಾರ, ಬುಧವಾರ ಮನೆಭೇಟಿಗೆ ಹೋಗು.

ನಾನು ಗದಗ ಪಕ್ಕದ ಬೆಟಗೇರಿಯಲ್ಲಿ ಸಭಾಪಾಲಕನಾಗಿದ್ದಾಗ ಬೈಬಲಿನ ಯೋಬನ ಪುಸ್ತಕದ 7ನೇ ಅಧ್ಯಾಯ ಹಿಡಿದುಕೊಂಡು ಒದ್ದಾಡುತ್ತಿದ್ದೆ. ನನ್ನ ದಿನಗಳು ನೇಕಾರನ ಲಾಳಿಗಿಂತ ಬೇಗ ಓಡುತ್ತಿವೆ ಅಂತ ಯೋಬ ಗೋಳಾಡುವ ಭಾಗ. ಆಯುಷ್ಯ ಎಷ್ಟು ಬೇಗ ಕಳೆಯುತ್ತದೆ ನೋಡಿ ಅಂತ ಹೇಳಿ ಮುಗಿಸೋದು ಸುಲಭ. ಆ ವಾರ ಹಿರಿಯ ನೇಕಾರರೊಬ್ಬರ ಮನೆಗೆ ಹೋದೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗಕ್ಕೆ ಕೂತಿದ್ದರು. ಹಗ್ಗ ಎಳೆದಾಗಲೆಲ್ಲ ಲಾಳಿ ಟಕ್ ಅಂತ ಆ ಕಡೆ, ಟಕ್ ಅಂತ ಈ ಕಡೆ. ನಾನು ವಚನ ಓದಿ ಹೇಳಿದೆ. ಅವರು ಲಾಳಿ ಹೊರತೆಗೆದು ಒಳಗಿನ ನೂಲು ಸುತ್ತಿದ ಕಂಡಿಕೆ ತೋರಿಸಿದರು. ನೂಲು ಇನ್ನೇನು ಮುಗಿಯುವುದರಲ್ಲಿತ್ತು.

"ಲಾಳಿ ಓಟ ನೋಡಬ್ಯಾಡ್ರಿ ಅಯ್ಯಾರ. ಇದರಾಗಿನ ನೂಲು ಮುಗದ್ರೂ ಅದು ಓಡತಿರತೈತಿ. ಬಟ್ಟಿ ಆಗಂಗಿಲ್ಲ, ಅಷ್ಟ."

ಯೋಬನ ಸಂಕಟ ನನಗೆ ಹತ್ತಿದ್ದು ಆಗ. ಮಕ್ಕಳು ಹೋದರು, ಆಸ್ತಿ ಹೋಯಿತು, ಮೈತುಂಬ ಹುಣ್ಣು. ಆದರೂ ಬೆಳಗಾಗುತ್ತಲೇ ಇದೆ, ಸಂಜೆ ಆಗುತ್ತಲೇ ಇದೆ. ಭಾನುವಾರ ಇದನ್ನು ಹೇಳಲಾ ಅಂತ ಅವರನ್ನು ಕೇಳಿದೆ. ಹೂಂ ಅಂದ ಮೇಲೇ ಹೇಳಿದೆ.

ಇಲ್ಲೊಂದು ಎಚ್ಚರ ಬೇಕು. ಮಗ್ಗದ ಮಾತನ್ನು ಪ್ರಸಂಗಕ್ಕೆ ತರಬಹುದು, ಮನೆಯೊಳಗಿನ ಮಾತು ಬೇಡ. ಅತ್ತೆ ಸೊಸೆ ಜಗಳ, ಸಾಲ, ಮಗನ ಕುಡಿತ ಇವನ್ನು ಹೆಸರು ಬಿಟ್ಟು ಹೇಳಿದರೂ ಸಣ್ಣ ಸಭೆಯಲ್ಲಿ ಎಲ್ಲರ ಕತ್ತೂ ಒಂದೇ ಬೆಂಚಿನ ಕಡೆ ತಿರುಗುತ್ತದೆ. ಆಮೇಲೆ ಎಲ್ಲ ಮನೆಯಲ್ಲೂ ಚಹಾ ಸಿಗುತ್ತದೆ, ಮಾತು ಸಿಗಲ್ಲ.

ನೀನು ಕಿಟೆಲ್ ಅವರ ನಿಘಂಟು ಮೆಚ್ಚುತ್ತೀಯ. ನನಗೆ ಅದಕ್ಕಿಂತ ಅವರ 'ಕಥಾಮಾಲೆ' ಇಷ್ಟ. 1853ರಲ್ಲಿ ಇಲ್ಲಿಗೆ ಬಂದ ಜರ್ಮನ್ ಮಿಶನರಿ, 1862ರ ಹೊತ್ತಿಗೆ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿಬಿಟ್ಟರು. ಅವರು ಅಷ್ಟು ಕಷ್ಟಪಟ್ಟ ನಾಡಲ್ಲೇ ಈಗ ಯೂಟ್ಯೂಬಿನ ಪ್ರಸಂಗ ಕೇಳಿ ಹಾಗೇ ಒಪ್ಪಿಸುವವರಿದ್ದಾರೆ. ಸಿಟ್ಟು ಬರುತ್ತೆ ನನಗೆ.

ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ದಿನ, ಒಬ್ಬರಿಗೊಬ್ಬರು ಕೈ ಹಿಡಿದು ಸಮಾಧಾನ ಹಂಚುವಾಗ ಅವಸರ ಮಾಡಬೇಡ. ಕೈಯಿಂದ ಕೈಗೆ ದಾಟಿಸುವ ಈ ರೂಢಿ ಕೇರಳದ ಸಿರಿಯನ್ ಸಭೆಗಳದ್ದು. 1950ರ ಸಿಎಸ್‌ಐ ಆರಾಧನಾ ಕ್ರಮದಲ್ಲಿ ಅದನ್ನು ಸೇರಿಸಿಕೊಂಡರು. ನಿನ್ನ ಎರಡು ಅಂಗೈ ನಡುವೆ ಇನ್ನೊಬ್ಬರ ಕೈ ಇರುತ್ತದೆ. ಯಾರಿಗೆ ಜ್ವರ ಕಾಯುತ್ತಿದೆ, ಯಾರು ಪಕ್ಕದವರನ್ನು ಬಿಟ್ಟು ಹಿಂದಿನ ಬೆಂಚಿಗೆ ತಿರುಗಿದರು, ಎಲ್ಲಾ ಕಾಣುತ್ತದೆ. ಮುಂದಿನ ಮಂಗಳವಾರ ಯಾವ ಮನೆ ಅಂತ ಅಲ್ಲೇ ಗೊತ್ತಾಗುತ್ತದೆ.

ಹೆಣ್ಣುಮಗಳ ಪ್ರಸಂಗ ಅಂತ ಕೆಲವರು ಮುಖ ಸಿಂಡರಿಸಬಹುದು. ಸಿಎಸ್‌ಐ 1976ರಲ್ಲೇ ಹೆಣ್ಣುಮಕ್ಕಳಿಗೆ ಸಭಾಪಾಲಕರ ದೀಕ್ಷೆ ಕೊಟ್ಟಿದೆ. 2013ರಲ್ಲಿ ಪುಷ್ಪ ಲಲಿತಾ ಅವರು ನಂದ್ಯಾಲದ ಬಿಷಪ್ ಆದರು. ಇದನ್ನೆಲ್ಲ ಹೇಳಿ ಸುಮ್ನೆ ವಾದಕ್ಕೆ ಇಳಿಯಬೇಡ. ಅಂಥವರ ಮನೆಗೇ ಮೊದಲು ಹೋಗು.

ಹಾಡುಗಳನ್ನು ಶುಕ್ರವಾರವೇ ಹಾಡುವವರಿಗೆ ತಿಳಿಸು. 20 ನಿಮಿಷ ದಾಟಬೇಡ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ "ಪ್ರಸಂಗ ಚಲೋ ಆತ್ರಿ" ಅಂತಾರೆ. ಅದನ್ನು ನಮಸ್ಕಾರ ಅಂದುಕೋ, ಅಷ್ಟೇ. ಯಾರಾದರೂ ಬುಧವಾರ ದಾರಿಯಲ್ಲಿ ನಿಲ್ಲಿಸಿ "ನೀವು ಹೇಳಿದ್ದು ನನಗ ಸರಿ ಅನಿಸಲಿಲ್ಲ" ಅಂದರೆ ಮಾತ್ರ ಕೂತು ಮಾತಾಡು. ಆ ಮನುಷ್ಯ ಮೂರು ದಿನ ಅದನ್ನೇ ಯೋಚನೆ ಮಾಡಿದ್ದಾನೆ.

ಈ ವಾರದ ಪ್ರಸಂಗ ಬರೆದು ನನಗೆ ಕಳಿಸಬೇಡ, ಫೋನಿನಲ್ಲಿ ಹೇಳು. ಸ್ಪೀಕರ್ ಹಾಕಿಡುತ್ತೇನೆ. ಅಮ್ಮ ಎಲ್ಲಿ ಆಕಳಿಸುತ್ತಾಳೋ ಅಲ್ಲಿ ಗುರುತು ಹಾಕಿಕೋ. ನನ್ನ ಪ್ರಸಂಗಗಳನ್ನೂ ಅವಳು ಹೀಗೇ ತಿದ್ದಿದ್ದು.

ನಿನ್ನ
ಪಪ್ಪ